ಓಡುವ ವಿಡಿಯೋದಿಂದ ನಿಲ್ಲುವ ಫೋಟೋ: ಸ್ಟುಡಿಯೋ ಹುಡುಗರಿಗೆ ಒಂದಿಷ್ಟು ಸೂತ್ರಗಳು

ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ಹೆದ್ದಾರಿ 48ರ ಮೇಲೆ ಜವನಗೊಂಡನಹಳ್ಳಿ ಸಿಗುತ್ತದೆ. ಹೋಬಳಿ ಕೇಂದ್ರ, ಸುತ್ತಲಿನವರ ಬಾಯಲ್ಲಿ ಜೆ.ಜಿ. ಹಳ್ಳಿ. ಇಂಥ ಊರುಗಳಲ್ಲಿ ಸ್ಟುಡಿಯೋ, ಜೆರಾಕ್ಸ್, ಫ್ಲೆಕ್ಸ್ ಡಿಸೈನ್ ಮೂರೂ ಒಂದೇ ಶಟರ್ ಒಳಗೆ ನಡೆಯುವುದು ಹೊಸದೇನಲ್ಲ. ಹೊಸದೆಂದರೆ ಗಿರಾಕಿ ತರುವ ಸಾಮಾನು. ಮೊದಲು ಮಾಸಿದ ಫೋಟೋ ತರುತ್ತಿದ್ದರು, ಈಗ ಮೊಬೈಲ್ ಚಾಚುತ್ತಾರೆ: "ಅಣ್ಣಾ, ಈ ವಿಡಿಯೋದಾಗೆ ನಮ್ಮಪ್ಪಂದು ಮುಖ ಚೆನ್ನಾಗ್ ಬಂದೈತೆ ನೋಡು. ಇದ್ರಾಗಿಂದ ಒಂದ್ ಫೋಟೋ ತೆಗೆದುಕೊಡಣ್ಣ, ನಾಳಿದ್ದು ತಿಥಿ."

ವಿಡಿಯೋ ಅಂದರೆ ಸೆಕೆಂಡಿಗೆ 25ರಿಂದ 30 ಫೋಟೋ, ಅದರಲ್ಲಿ ಒಂದನ್ನು ಎತ್ತಿಕೊಂಡರೆ ಆಯಿತಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಅರ್ಧ ಸರಿ. ಆ ಫ್ರೇಮುಗಳೆಲ್ಲ ಓಡುವುದಕ್ಕೆಂದೇ ಹುಟ್ಟಿದವು. ಒಂದರ ಕೊರತೆಯನ್ನು ಮುಂದಿನದು ಮುಚ್ಚುತ್ತಾ ಹೋಗುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದನ್ನೇ ನಿಲ್ಲಿಸಿ ನೋಡಿದಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ಫೋಟೋಶಾಪ್ ತೆರೆಯುವ ಮೊದಲೇ ಕೆಲಸದ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ. ಕೆಳಗಿನ ಸೂತ್ರಗಳಲ್ಲಿ ಹೆಚ್ಚಿನವು ಎಡಿಟಿಂಗಿಗೆ ಮುಂಚಿನವು.

1. ಒರಿಜಿನಲ್ ಫೈಲ್ ಕೈಗೆ ಬರುವ ತನಕ ಮೌಸ್ ಮುಟ್ಟಬೇಡಿ

ವಾಟ್ಸ್ಯಾಪ್‌ನಲ್ಲಿ ವಿಡಿಯೋ ಎಂದು ಕಳಿಸಿದ್ದು ಕಳಿಸುವಾಗಲೇ ಹಿಂಡಿಹೋಗಿರುತ್ತದೆ. ಸ್ಟೇಟಸ್‌ನಿಂದ ಇಳಿಸಿಕೊಂಡು ಮತ್ತೊಬ್ಬರು ಸ್ಟೇಟಸ್‌ಗೆ ಹಾಕಿದ್ದಾದರೆ ಅದರಲ್ಲಿ ಮೂಗು ಯಾವುದು, ಮೀಸೆ ಯಾವುದು ಎಂದು ಹುಡುಕಬೇಕು. ಶೂಟ್ ಮಾಡಿದವರು ಯಾರು ಎಂದು ಮೊದಲು ಕೇಳಿ. ಅವರಿಗೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಲು ಹೇಳಿ; ಹಾಗೆ ಕಳಿಸಿದರೆ 2 ಜಿಬಿ ತನಕದ ಫೈಲ್ ಇದ್ದದ್ದು ಇದ್ದಂತೆ ಬರುತ್ತದೆ. ಹತ್ತಿರದವರಾದರೆ ಫೋನನ್ನೇ ತರಿಸಿ ಕೇಬಲ್ ಹಾಕಿ. ಈ ಒಂದು ಫೋನ್ ಕರೆಯಿಂದ ಸಿಗುವ ಲಾಭ ಯಾವ ಫಿಲ್ಟರಿನಿಂದಲೂ ಸಿಗುವುದಿಲ್ಲ.

2. ಸ್ಕ್ರೀನ್‌ಶಾಟ್ ಬೇಡವೇ ಬೇಡ

ಫೋನನ್ನು ನೆಟ್ಟಗೆ ಹಿಡಿದು ಅಡ್ಡ ವಿಡಿಯೋ ಓಡಿಸಿ ಸ್ಕ್ರೀನ್‌ಶಾಟ್ ಹೊಡೆಯುತ್ತಾರಲ್ಲ, ಲೆಕ್ಕ ಹಾಕಿ ನೋಡಿ. ಪರದೆಯ ಅಗಲ 1080 ಪಿಕ್ಸೆಲ್ ಇದ್ದರೆ ವಿಡಿಯೋಗೆ ಸಿಗುವ ಜಾಗ 1080×607. ಫುಲ್ ಎಚ್‌ಡಿ ಫ್ರೇಮ್ ಇರುವುದು 1920×1080. ಅಂದರೆ ಒಂದೇ ಏಟಿಗೆ ಮೂರರಲ್ಲಿ ಎರಡು ಪಾಲು ಹೋಯಿತು. 4ಕೆ ವಿಡಿಯೋ ಆಗಿದ್ದರೆ ಉಳಿಯುವುದು ನೂರಕ್ಕೆ ಎಂಟು. ಮೇಲೆ ಪ್ಲೇ ಬಟನ್ನಿನ ತ್ರಿಕೋನ ಬೇರೆ.

3. ಯಾವ ಅಳತೆಗೆ ಎಷ್ಟು ಪಿಕ್ಸೆಲ್ ಎಂಬುದು ಬಾಯಿಪಾಠ ಇರಲಿ

ಹಳೇ ಡಿವಿಡಿ ಫ್ರೇಮ್ 720×576, ಅಂದರೆ 4 ಲಕ್ಷ ಚಿಲ್ಲರೆ ಪಿಕ್ಸೆಲ್. ಫುಲ್ ಎಚ್‌ಡಿ ಸುಮಾರು 21 ಲಕ್ಷ. 4ಕೆ ಸುಮಾರು 83 ಲಕ್ಷ. ಇಂಚಿಗೆ 300 ಚುಕ್ಕೆಯ ಒಳ್ಳೆ ಪ್ರಿಂಟ್ ಬೇಕೆಂದರೆ ಫುಲ್ ಎಚ್‌ಡಿಯಿಂದ 6.4×3.6 ಇಂಚು, 4ಕೆಯಿಂದ 12.8×7.2 ಇಂಚು ಬರುತ್ತದೆ. 12×36ರ ಆಲ್ಬಂ ಹಾಳೆಗೆ 10,800×3,600 ಪಿಕ್ಸೆಲ್ ಬೇಕು. ಫುಲ್ ಎಚ್‌ಡಿ ಫ್ರೇಮನ್ನು ಆ ಹಾಳೆಗೆ ಹಿಗ್ಗಿಸುವ ಬದಲು ಮೂಲೆಯ ಸಣ್ಣ ಚೌಕದಲ್ಲಿ ಇಡಿ, ಮರ್ಯಾದೆ ಉಳಿಯುತ್ತದೆ.

ಫ್ಲೆಕ್ಸಿನ ಲೆಕ್ಕ ಬೇರೆ. ಹತ್ತು ಅಡಿ ದೂರದಿಂದ ನೋಡುವವನ ಕಣ್ಣು ಇಂಚಿಗೆ ಸುಮಾರು 30 ಚುಕ್ಕೆಗಿಂತ ಹೆಚ್ಚು ಗುರುತಿಸಲಾರದು. ಆರು ಅಡಿ ಅಗಲದ ಫ್ಲೆಕ್ಸಿಗೆ ಪೂರ್ತಿ ಫುಲ್ ಎಚ್‌ಡಿ ಫ್ರೇಮ್ ಹಾಕಿದರೆ ಇಂಚಿಗೆ ಸುಮಾರು 27 ಬರುತ್ತದೆ, ಬಸ್‌ಸ್ಟ್ಯಾಂಡಿಗೆ ಸಾಕು. ಎಡವಟ್ಟಾಗುವುದು ಕ್ರಾಪ್ ಮಾಡಿದಾಗ. ಮದುವೆ ಗುಂಪಿನಲ್ಲಿ ನಿಂತ ಅಪ್ಪನ ಮುಖ ಇಡೀ ಫ್ರೇಮಿನ ಹತ್ತರಲ್ಲಿ ಒಂದು ಪಾಲು ಅಗಲವಿದ್ದರೆ ನಿಮ್ಮ ಕೈಲಿರುವುದು 192 ಪಿಕ್ಸೆಲ್. ಅದನ್ನು ಎರಡಡಿ ಮುಖ ಮಾಡುತ್ತೇನೆಂದು ಒಪ್ಪಿಕೊಳ್ಳುವ ಮೊದಲು ಗಿರಾಕಿಗೆ ಹೇಳಿಬಿಡಿ.

4. ಸಾಧನ ಯಾವುದಾದರೂ ಸರಿ, ಫ್ರೇಮ್ ಫೈಲಿನಿಂದಲೇ ಬರಲಿ

ದುಡ್ಡಿಲ್ಲದೆ ಆಗುವ ದಾರಿ ವಿಎಲ್‌ಸಿ. ವಿಡಿಯೋ ನಿಲ್ಲಿಸಿ, 'ಇ' ಅಕ್ಷರದ ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ; ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು 'ಎಸ್' ಒತ್ತಿದರೆ ಆ ಫ್ರೇಮ್ ಚಿತ್ರವಾಗಿ ಪಿಕ್ಚರ್ಸ್ ಫೋಲ್ಡರಿಗೆ ಹೋಗುತ್ತದೆ. ಪ್ರೀಮಿಯರ್‌ನಲ್ಲಿ ಮಾನಿಟರ್ ಕೆಳಗಿನ ಕ್ಯಾಮೆರಾ ಗುರುತು ಅದೇ ಕೆಲಸಕ್ಕೆ ಇದೆ. ಡಾವಿಂಚಿ ರಿಸಾಲ್ವ್‌ನ ಕಲರ್ ಪುಟದಲ್ಲಿ ಸ್ಟಿಲ್ ಹಿಡಿದು ಎಕ್ಸ್‌ಪೋರ್ಟ್ ಮಾಡಬಹುದು. ಫೋಟೋಶಾಪ್ ಒಳಗೇ ಬೇಕೆಂದರೆ ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ 'ವಿಡಿಯೋ ಫ್ರೇಮ್ಸ್ ಟು ಲೇಯರ್ಸ್' ಇದೆ. ಮೂರ್ನಾಲ್ಕು ಸೆಕೆಂಡಿನ ತುಂಡು ಮಾತ್ರ ಆರಿಸಿ, ಇಲ್ಲದಿದ್ದರೆ ನೂರಾರು ಲೇಯರ್ ಸುರಿದು ಕಂಪ್ಯೂಟರ್ ಕೈಕಾಲು ಬಿಡುತ್ತದೆ.

ಮದುವೆ ಮಿಕ್ಸಿಂಗ್ ಮಾಡುವವರಿಗೊಂದು ಎಚ್ಚರಿಕೆ: ಪ್ರೀಮಿಯರ್‌ನ ಟೈಮ್‌ಲೈನ್ ಮೇಲಿಂದ ಫ್ರೇಮ್ ತೆಗೆದರೆ ಬರುವುದು ಟೈಮ್‌ಲೈನಿನ ಅಳತೆ, ಕ್ಲಿಪ್ಪಿನದಲ್ಲ. 4ಕೆ ಕ್ಲಿಪ್ಪನ್ನು ಫುಲ್ ಎಚ್‌ಡಿ ಟೈಮ್‌ಲೈನಿನಲ್ಲಿ ಇಟ್ಟು ಸ್ಟಿಲ್ ತೆಗೆದರೆ ನಾಲ್ಕರಲ್ಲಿ ಮೂರು ಪಾಲು ಪಿಕ್ಸೆಲ್ ನೀವೇ ಎಸೆದಂತೆ. ಕ್ಲಿಪ್ಪನ್ನು ಸೋರ್ಸ್ ಮಾನಿಟರಿನಲ್ಲಿ ತೆರೆದು ಅಲ್ಲಿಂದ ತೆಗೆಯಿರಿ.

5. ಚಲನೆ ತಿರುಗುವ ತುದಿಯಲ್ಲಿ ಕಾಯಿರಿ

ಅಕ್ಷತೆ ಹಾಕುವ ಕೈ ಮೇಲೇರಿ, ಕೆಳಗಿಳಿಯುವ ಮುನ್ನ ಒಂದು ಗಳಿಗೆ ನಿಲ್ಲುತ್ತದೆ. ಕೋಲಾಟದವರ ಕೋಲು ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ನಡುವೆ ನಿಲ್ಲುತ್ತದೆ. ಚೂಪಾದ ಫ್ರೇಮ್ ಇರುವುದು ಅಲ್ಲೇ. ಮಾತಾಡುತ್ತಿರುವವರ ಮುಖ ಬೇಕಾದರೆ ಮಾತಿನ ನಡುವೆ ಹುಡುಕಬೇಡಿ, ಮಾತು ಮುಗಿಸಿ ಎದುರಿನವರನ್ನು ಕೇಳುತ್ತಿರುವಾಗ ನೋಡಿ. ಬಾಯಿ ಸೊಟ್ಟ ಬರುವುದಿಲ್ಲ.

ಕಣ್ಣು ಮುಚ್ಚಿದ್ದರೆ ಗಾಬರಿ ಬೇಡ. ರೆಪ್ಪೆ ಬಡಿತ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗದೊಳಗೆ ಮುಗಿಯುತ್ತದೆ. ಹೆಚ್ಚೆಂದರೆ ಹತ್ತು-ಹನ್ನೆರಡು ಫ್ರೇಮ್ ಮುಂದಕ್ಕೆ ಹೋದರೆ ಕಣ್ಣು ತೆರೆದಿರುತ್ತದೆ. ಗುಂಪು ಫೋಟೋದಲ್ಲಿ ಎಲ್ಲರ ಕಣ್ಣೂ ಒಟ್ಟಿಗೆ ತೆರೆದ ಫ್ರೇಮ್ ಸಿಗುವುದು ಅಪರೂಪ. ಎರಡು ಫ್ರೇಮ್ ತೆಗೆದು, ಒಂದರ ಮೇಲೊಂದು ಲೇಯರ್ ಇಟ್ಟು, ಮಾಸ್ಕ್ ಹಾಕಿ ಮಾವನ ಮುಖ ಇದರಿಂದ, ಅಳಿಯನ ಮುಖ ಅದರಿಂದ ತೆಗೆದುಕೊಳ್ಳಿ.

6. ಅಕ್ಕಪಕ್ಕದ ಫ್ರೇಮುಗಳನ್ನೂ ತೆಗೆದಿಡಿ

ವಿಡಿಯೋ ಫೈಲಿನಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಕೀಫ್ರೇಮ್ ಪೂರ್ತಿಯಾಗಿ ಕೂತಿರುತ್ತದೆ. ಉಳಿದವು ಹಿಂದಿನದಕ್ಕಿಂತ ಏನು ಬದಲಾಯಿತು ಎಂಬ ಲೆಕ್ಕವನ್ನಷ್ಟೇ ಇಟ್ಟುಕೊಂಡಿರುತ್ತವೆ. ನಮ್ಮ ಡಿವಿಡಿಗಳಲ್ಲಿ 12–15 ಫ್ರೇಮಿಗೊಂದು, ಫೋನಿನ ವಿಡಿಯೋದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೊಂದು ಕೀಫ್ರೇಮ್. ಕಣ್ಣಿಗೆ ಒಂದೇ ಥರ ಕಾಣುವ ಎರಡು ಫ್ರೇಮುಗಳಲ್ಲಿ ಒಂದು ಮುಖ ಚೊಕ್ಕಟವಾಗಿ, ಇನ್ನೊಂದು ಚೌಕಚೌಕವಾಗಿ ಬರುವುದಕ್ಕೆ ಇದೇ ಕಾರಣ. ಮೆಚ್ಚಿದ ಫ್ರೇಮಿನ ಹಿಂದೆ ಏಳೆಂಟು, ಮುಂದೆ ಏಳೆಂಟು ತೆಗೆದು, ನೂರು ಪರ್ಸೆಂಟ್ ಝೂಮ್ ಮಾಡಿ ಹೋಲಿಸಿ. ಕಮ್ಯಾಂಡ್ ಬರೆಯಲು ಬೇಸರವಿಲ್ಲದವರಿಗೆ ಎಫ್ಎಫ್ಎಂಪೆಗ್ ಎಂಬ ಉಚಿತ ಸಾಧನ ಬರೀ ಕೀಫ್ರೇಮುಗಳನ್ನೇ ಸಾಲಾಗಿ ಕಕ್ಕಿಸಿ ಕೊಡುತ್ತದೆ.

7. ಹಳೇ ಕ್ಯಾಸೆಟ್ ಬಂದರೆ ಸಾವಕಾಶ ಮಾಡಿ

ಸೂತ್ರಗಳಲ್ಲಿ ಇದಕ್ಕೇ ಹೆಚ್ಚು ಜಾಗ, ಏಕೆಂದರೆ ಹಳ್ಳಿಗಳಲ್ಲಿ ಎಷ್ಟೋ ಅವ್ವಂದಿರು, ಅಜ್ಜಂದಿರು ಕ್ಯಾಮೆರಾ ಎದುರು ಸಿಕ್ಕಿರುವುದು ತೊಂಬತ್ತರ ದಶಕದ ಯಾವುದೋ ಮದುವೆ ಕ್ಯಾಸೆಟ್ಟಿನಲ್ಲಿ ಮಾತ್ರ. ಅದೂ ಹೇಗೆ? ಧಾರೆ ನಡೆಯುವಾಗ ಹೆಗಲ ಮೇಲಿನ ಕ್ಯಾಮೆರಾ ಎಡದಿಂದ ಬಲಕ್ಕೆ ಸರಿಯುತ್ತದೆ, ಹ್ಯಾಲೊಜೆನ್ ಬೆಳಕು ಮುಖಕ್ಕೆ ಬೀಳುತ್ತದೆ, ಅವ್ವ ಕಣ್ಣು ಕಿರಿದು ಮಾಡಿ ಸೆರಗು ಸರಿಮಾಡಿಕೊಳ್ಳುತ್ತಾಳೆ, ಕ್ಯಾಮೆರಾ ಮುಂದೆ ಹೋಗಿಬಿಡುತ್ತದೆ. ಇದ್ದದ್ದು ಎರಡು ಸೆಕೆಂಡ್. ಅಂದರೆ 50 ಫ್ರೇಮ್, ಅದರಲ್ಲಿ ಸೆರಗು ಮುಖಕ್ಕೆ ಅಡ್ಡ ಬರದವು ಹತ್ತೋ ಹನ್ನೆರಡೋ.

ಮೊದಲ ಕೆಲಸ ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕುವುದು. ರೀಲಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ತುರುಕಬೇಡಿ. ಹೆಡ್ಡೂ ಹಾಳು, ಟೇಪೂ ಹಾಳು. ಮೊದಲು ಶುಚಿ ಮಾಡಿಸಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್, ಅದೂ 2016ರ ಜುಲೈನಲ್ಲಿ ಕೈತೊಳೆದುಕೊಂಡಿತು. ಹೊಸ ಯಂತ್ರ ಇನ್ನು ಬರುವುದಿಲ್ಲವಾದ್ದರಿಂದ ಓಡುವ ವಿಸಿಆರ್ ಸಿಕ್ಕ ದಿನ ಇಡೀ ಕ್ಯಾಸೆಟ್ಟನ್ನು ಒಮ್ಮೆಗೇ ಕಂಪ್ಯೂಟರಿಗೆ ಇಳಿಸಿಬಿಡಿ.

ಎರಡನೆಯದು ಬಾಚಣಿಗೆ ಹಲ್ಲಿನಂಥ ಗೆರೆಗಳು. ನಮ್ಮ ದೇಶದ ಪಾಲ್ (PAL) ವಿಡಿಯೋ ಪದ್ಧತಿಯಲ್ಲಿ ಒಂದು ಫ್ರೇಮ್ ಅಂದರೆ ಎರಡು ಫೀಲ್ಡ್: ಬೆಸ ಗೆರೆಗಳು ಒಂದು ಕ್ಷಣದವು, ಸರಿ ಗೆರೆಗಳು ಸೆಕೆಂಡಿನ ಐವತ್ತನೇ ಒಂದು ಭಾಗ ಬಿಟ್ಟು ತೆಗೆದವು. ಅವ್ವ ತಲೆ ತಿರುಗಿಸಿದ್ದರೆ ಎರಡೂ ಹೊಂದದೆ ಅಂಚು ಹರಿದಂತೆ ಕಾಣುತ್ತದೆ. ವಿಎಲ್‌ಸಿಯಲ್ಲಿ ಡಿಇಂಟರ್ಲೇಸ್ ಆಫ್ ಮಾಡಿ ಫ್ರೇಮ್ ತೆಗೆಯಿರಿ, ಆಮೇಲೆ ಫೋಟೋಶಾಪ್‌ನ ಫಿಲ್ಟರ್ ಮೆನು, ವಿಡಿಯೋ, ಡಿಇಂಟರ್ಲೇಸ್. ಬೆಸ ತೆಗೆದು ಒಮ್ಮೆ, ಸರಿ ತೆಗೆದು ಒಮ್ಮೆ ನೋಡಿ. ಒಂದರಲ್ಲಿ ರೆಪ್ಪೆ ಇಳಿದಿದ್ದು, ಇನ್ನೊಂದರಲ್ಲಿ ತುಸು ಎದ್ದಿರಬಹುದು. ಒಂದೇ ಫ್ರೇಮಿನಿಂದ ಎರಡು ಅವಕಾಶ.

ಮೂರನೆಯದು ಆಕಾರ. 720×576ರ ಪಿಕ್ಸೆಲ್ ಚೌಕವಲ್ಲ. ಹಾಗೆಯೇ ಪ್ರಿಂಟ್ ಹಾಕಿದರೆ ಮುಖ ಕೊಂಚ ಸಣಕಲಾಗಿ ಬರುತ್ತದೆ. ಇಮೇಜ್ ಸೈಜ್‌ನಲ್ಲಿ ಅಗಲ-ಎತ್ತರದ ಕೊಂಡಿ ಬಿಡಿಸಿ 768×576 ಮಾಡಿ. ಮನೆಯವರು ಫೋಟೋ ನೋಡಿ "ಏನೋ ಒಂದ್ ಥರ ಐತಲ್ಲ" ಎನ್ನುವುದು ಬಹಳ ಸಲ ಈ 48 ಪಿಕ್ಸೆಲ್ಲಿನ ಮಹಿಮೆ. ಕೆಳಗಿನ ಅಂಚಿನಲ್ಲಿ ಒಂದಷ್ಟು ಗೆರೆ ಕದಡಿಹೋಗಿರುತ್ತವೆ, ಅವನ್ನು ಕ್ರಾಪ್ ಮಾಡಿ. ಹಾಗೆಂದು ಬಹಳ ಆಸೆಯೂ ಬೇಡ. ವಿಎಚ್‌ಎಸ್ ಟೇಪಿನಲ್ಲಿ ಅಡ್ಡಡ್ಡ ಇರುವ ನಿಜವಾದ ವಿವರ 240 ಗೆರೆಯಷ್ಟೇ. ತಿಥಿ ಕಾರ್ಡಿನ ಎರಡಿಂಚು ಚೌಕಕ್ಕೆ ಅದು ಚೆನ್ನಾಗಿಯೇ ಬರುತ್ತದೆ. ಗೋಡೆಗೆ ಹಾಕುವ ಫೋಟೋ ಆಗಬೇಕಾದರೆ ಮುಂದಿನ ಸೂತ್ರ.

8. ಒಂದು ಫ್ರೇಮ್ ಸಾಲದಿದ್ದರೆ ಎಂಟು ಪೇರಿಸಿ

ಕತ್ತಲ ವಿಡಿಯೋದಲ್ಲಿ ಕಾಣುವ ಕಾಳುಕಾಳು ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ; ಮುಖ ಮಾತ್ರ ಅಲ್ಲೇ ಇರುತ್ತದೆ. ನಾಲ್ಕು ಫ್ರೇಮುಗಳ ಸರಾಸರಿ ತೆಗೆದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ, ಹದಿನಾರಾದರೆ ಕಾಲು ಭಾಗಕ್ಕೆ. ಫೋಟೋಶಾಪ್‌ನಲ್ಲಿ ಫ್ರೇಮುಗಳನ್ನು ಲೇಯರ್ ಮಾಡಿ, ಆಟೋ ಅಲೈನ್ ಕೊಟ್ಟು, ಎಲ್ಲ ಸೇರಿಸಿ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟ್ಯಾಕ್ ಮೋಡ್‌ನಲ್ಲಿ 'ಮೀನ್' ಆರಿಸಿ. ಜಿಂಪ್ ಬಳಸುವವರು ಕೆಳಗಿನ ಲೇಯರಿಗೆ 100, ಅದರ ಮೇಲಿನದಕ್ಕೆ 50, ಆಮೇಲೆ 33, ಆಮೇಲೆ 25 ಪರ್ಸೆಂಟ್ ಒಪಾಸಿಟಿ ಕೊಟ್ಟರೆ ಅದೇ ಸರಾಸರಿ ಸಿಗುತ್ತದೆ. ಮುಖ ಅಲುಗದ ಒಂದು ಸೆಕೆಂಡಿನ ತುಂಡು ಬೇಕು, ಅಷ್ಟೇ ಷರತ್ತು. ಕೂತು ಊಟ ಮಾಡುವ ಪಂಕ್ತಿ ಇದಕ್ಕೆ ಆಗದು. ಪುರೋಹಿತರ ಮಾತು ಕೇಳುತ್ತಾ ಕೂತವರು ಸಿಕ್ಕರೆ ಹಬ್ಬ.

9. ಜನಜಾತ್ರೆಯ ಜಾಗದಲ್ಲಿ ಟ್ರೈಪಾಡ್ ಇಟ್ಟು ವಿಡಿಯೋ ಮಾಡಿ

ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಕಳೆದ ಮೇಲೆ. 2025ರ ಜನವರಿಯಲ್ಲಿ ಪುನಃ ತುಂಬಿ 130 ಅಡಿ ಮುಟ್ಟಿತು. ಅಂಥ ಹೊತ್ತಿನಲ್ಲಿ ಈ ಜಲಾಶಯವಿರುವ ಮಾರಿಕಣಿವೆಯಲ್ಲಿ ಜನರಿಲ್ಲದ ಫೋಟೋ ತೆಗೆಯುತ್ತೇನೆ ಎಂದರೆ ನಗುತ್ತಾರೆ. ವಿಡಿಯೋದಿಂದ ಆಗುತ್ತದೆ. ಕ್ಯಾಮೆರಾ ಅಲುಗದಂತೆ ಐದಾರು ನಿಮಿಷ ಶೂಟ್ ಮಾಡಿ, ಹತ್ತಿಪ್ಪತ್ತು ಸೆಕೆಂಡಿಗೊಂದರಂತೆ ಫ್ರೇಮ್ ತೆಗೆದು, ಮೇಲೆ ಹೇಳಿದ ಸ್ಟ್ಯಾಕ್ ಮೋಡ್‌ನಲ್ಲಿ ಈ ಸಲ 'ಮೀಡಿಯನ್' ಆರಿಸಿ. ಯಾವ ಜಾಗ ಅರ್ಧಕ್ಕಿಂತ ಹೆಚ್ಚು ಫ್ರೇಮುಗಳಲ್ಲಿ ಖಾಲಿ ಇದೆಯೋ ಅಲ್ಲಿ ಓಡಾಡಿದವರು ಮಾಯವಾಗುತ್ತಾರೆ. ಬಜ್ಜಿ ಅಂಗಡಿಯವನು ಮಾಯವಾಗುವುದಿಲ್ಲ, ಅವನು ಕದಲುವುದಿಲ್ಲ. ಬೀಳುವ ನೀರು ಹಾಲಿನಂತೆ ನುಣ್ಣಗಾಗುತ್ತದೆ. ನನಗದು ಇಷ್ಟವಿಲ್ಲ, ಒಂದೇ ಫ್ರೇಮಿನ ನೀರನ್ನು ಮಾಸ್ಕ್ ಹಾಕಿ ಮರಳಿ ತರುತ್ತೇನೆ.

ಜಲಾಶಯದ ಇಡೀ ಹರವು ಒಂದೇ ಚಿತ್ರದಲ್ಲಿ ಬೇಕಾದರೆ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ ವಿಡಿಯೋ ಮಾಡಿ, ಮೂರರಲ್ಲಿ ಒಂದು ಪಾಲು ಒಂದರ ಮೇಲೊಂದು ಬರುವಂತೆ ಫ್ರೇಮ್ ಆರಿಸಿ ಫೋಟೋಮರ್ಜ್‌ಗೆ ಕೊಡಿ. ಫೋನು ನೆಟ್ಟಗೆ ಹಿಡಿದು ತಿರುಗಿಸಿದರೆ ಎತ್ತರವೂ ಹೆಚ್ಚು ಸಿಗುತ್ತದೆ.

10. ಫೋಟೋ ಬೇಕೆಂದು ಮೊದಲೇ ಗೊತ್ತಿದ್ದರೆ ಶಟರ್ ಏರಿಸಿ

ಹಿರಿಯೂರಿನ ತೇರುಮಲ್ಲೇಶ್ವರನ ತೇರಾಗಲಿ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರಾಗಲಿ, ಕಮಿಟಿಯವರು ಮುಂದಿನ ವರ್ಷದ ಪೋಸ್ಟರಿಗೆ ಚಿತ್ರ ಕೇಳಿಯೇ ಕೇಳುತ್ತಾರೆ. ತೇರಿನತ್ತ ತೂರಿದ ಬಾಳೆಹಣ್ಣು ಗಾಳಿಯಲ್ಲಿರುವ ಗಳಿಗೆಯಂಥ ಪೋಸ್ಟರ್ ಚಿತ್ರ ಇನ್ನೊಂದಿಲ್ಲ. ಆದರೆ ವಿಡಿಯೋದವರು ಕಲಿತ ಪಾಠ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹಾರುವ ಹಣ್ಣು 1/50 ಸೆಕೆಂಡಿನಲ್ಲಿ 20 ಸೆಂಟಿಮೀಟರ್ ಸರಿಯುತ್ತದೆ. ಏಲಕ್ಕಿ ಬಾಳೆ ತನ್ನ ಉದ್ದದ ಎರಡರಷ್ಟು ಹಳದಿ ಗೆರೆಯಾಗುತ್ತದೆ. 1/500 ಕೊಟ್ಟರೆ ಎರಡು ಸೆಂಟಿಮೀಟರ್, ಹಣ್ಣು ಹಣ್ಣಾಗಿಯೇ ಇರುತ್ತದೆ. ಬಿಸಿಲು ಜೋರಿದ್ದರೆ 1/1000ಕ್ಕೂ ಏರಿಸಬಹುದು.

ಇದಕ್ಕೆ ಬೆಲೆಯುಂಟು. ಅಷ್ಟು ಚುರುಕು ಶಟರಿನ ವಿಡಿಯೋ ಓಡಿಸಿದಾಗ ಚಲನೆ ಜಿಗಿಜಿಗಿದು ಕಾಣುತ್ತದೆ. ವಿಡಿಯೋಗೂ ಫೋಟೋಗೂ ಒಂದೇ ಕ್ಯಾಮೆರಾ ದುಡಿಸಬೇಕಾದರೆ ತೇರು ಎಳೆಯುವ ಭಾಗ 1/50ರಲ್ಲಿ, ಹಣ್ಣು ತೂರುವ ಭಾಗ 1/500ರಲ್ಲಿ ಮಾಡಿ. ಎರಡು ಫೋನ್ ಇದ್ದರೆ ತಲೆನೋವೇ ಇಲ್ಲ. ಅನೇಕ ಫೋನುಗಳಲ್ಲಿ ವಿಡಿಯೋ ಓಡುತ್ತಿರುವಾಗಲೇ ಪಕ್ಕದ ಬಿಳಿ ಬಟನ್ ಒತ್ತಿದರೆ ಫೋಟೋ ಬೀಳುತ್ತದೆ. ಅದನ್ನು ಒತ್ತುವ ಅಭ್ಯಾಸ ಮಾಡಿಕೊಂಡವರಿಗೆ ಈ ಲೇಖನದ ಅರ್ಧ ಬೇಕಾಗುವುದಿಲ್ಲ.

11. ಛತ್ರದೊಳಗೆ ಶಟರ್ ಏರಿಸಬೇಡಿ

ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಗುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಸರಿ. 1/250 ಎಂದರೆ ಫ್ರೇಮಿನ ಮೇಲೆ ಕಪ್ಪು ಪಟ್ಟಿ ಹಾಯುತ್ತದೆ, ಅದನ್ನು ಅಳಿಸುವುದು ದಿನಗೂಲಿ ಕೆಲಸ. ಜನರೇಟರ್ ಮೇಲೆ ಓಡುವ ಛತ್ರದಲ್ಲಿ ಆ 50 ಕೂಡ ಏರಿಳಿಯುತ್ತದೆ, ಒಂದು ಸಣ್ಣ ಟೆಸ್ಟ್ ಮಾಡಿ ನೋಡಿಕೊಳ್ಳಿ.

12. ಸ್ಲೋಮೋಷನ್ ಇರುವುದು ರೀಲ್ಸಿಗೆ ಮಾತ್ರವಲ್ಲ

ಚಿತ್ರದುರ್ಗದ ಕೋಟೆ ಎಂದರೆ ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು'. ಅದರ ಒಂದು ಹಾಡು ಪೂರ್ತಿ ಸ್ಲೋಮೋಷನ್ನಿನಲ್ಲಿದೆ. ಆಗ ಅದಕ್ಕೆ ಫಿಲಂ ರೀಲು ನೀರಿನಂತೆ ಖರ್ಚಾಗಬೇಕಿತ್ತು. ಈಗ ಫೋನಿನಲ್ಲೇ ಸೆಕೆಂಡಿಗೆ 120 ಫ್ರೇಮ್. ಒಂದು ಸೆಕೆಂಡಿನಿಂದ ಆರಿಸಿಕೊಳ್ಳಲು 25ರ ಬದಲು 120 ಚಿತ್ರ, ಜೊತೆಗೆ ಶಟರ್ ತಾನಾಗಿಯೇ 1/120 ಅಥವಾ ಅದಕ್ಕಿಂತ ಚುರುಕು. ಬಯಲಿನ ಬಿಸಿಲಿನಲ್ಲಿ ಬಳಸಿ. ಮನೆಯೊಳಗೆ ಬೆಳಕು ಸಾಲದೆ ನಾಯ್ಸ್ ಏಳುತ್ತದೆ.

13. ಗಾಳಿಯಂತ್ರ ಸೊಟ್ಟ ಬಂದರೆ ಫ್ರೇಮಿನ ತಪ್ಪಲ್ಲ

ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಒಂದು ತುದಿಯಿಂದ ಸಾಲುಸಾಲಾಗಿ ಓದುತ್ತದೆ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ, ಕಿಟಕಿಯಾಚೆಯ ಕಂಬ ವಾಲಿರುತ್ತದೆ, ದುರ್ಗದ ಗುಡ್ಡದ ಗಾಳಿಯಂತ್ರದ ರೆಕ್ಕೆ ಬಾಗಿರುತ್ತದೆ. ಕಂಬವನ್ನು ಫೋಟೋಶಾಪ್‌ನ ಸ್ಕ್ಯೂ ನೆಟ್ಟಗೆ ಮಾಡುತ್ತದೆ. ರೆಕ್ಕೆಗೆ ಮದ್ದಿಲ್ಲ; ಬೇರೆ ಫ್ರೇಮ್ ಹುಡುಕಿ.

14. ಬಣ್ಣ ಕೈಕೊಡುವ ಮೂರು ಜಾಗ

ಚಿತ್ರ ಬೂದಿ ಬಳಿದಂತೆ ಇದ್ದರೆ ಮೊದಲು ಲೆವೆಲ್ಸ್ ತೆರೆಯಿರಿ. ವಿಡಿಯೋದಲ್ಲಿ ಕಪ್ಪು 16ರಿಂದ ಶುರು, ಬಿಳಿ 235ಕ್ಕೆ ಮುಗಿತಾಯ. ಫೋಟೋಗೆ 0ಯಿಂದ 255. ಕೆಲವು ಸಾಧನಗಳು ಹಿಗ್ಗಿಸದೆ ಹಾಗೆಯೇ ಕೊಡುತ್ತವೆ. ಎರಡು ತುದಿಗೂ 16 ಮತ್ತು 235 ಕೊಟ್ಟರೆ ಜೀವ ಬರುತ್ತದೆ.

2020ರ ಐಫೋನ್ 12 ಮತ್ತು ಆಮೇಲಿನವು ಎಚ್‌ಡಿಆರ್‌ನಲ್ಲಿ ವಿಡಿಯೋ ಮಾಡುತ್ತವೆ. ಅದನ್ನು ಅರ್ಥಮಾಡಿಕೊಳ್ಳದ ಸಾಫ್ಟ್‌ವೇರಿನಲ್ಲಿ ಫ್ರೇಮ್ ತೆಗೆದರೆ ಬಣ್ಣ ಸತ್ತಿರುತ್ತದೆ. ಮದುಮಗನ ಗೆಳೆಯರ ಫೋನಿನಿಂದ ಕ್ಲಿಪ್ ತೆಗೆದುಕೊಳ್ಳುವಿರಾದರೆ ಮೊದಲೇ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ ವಿಡಿಯೋ ಆಫ್ ಮಾಡಿಸಿ.

ಮೂರನೆಯದು ಸೀರೆ. ಜಾಗ ಉಳಿಸಲು ವಿಡಿಯೋ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲ್ಲಿಗೊಂದರಂತೆ ಇಡುತ್ತದೆ. ಮೊಳಕಾಲ್ಮೂರು ರೇಷ್ಮೆಯ ಕೆಂಪು ಅಂಚು ಪಕ್ಕದ ಹಸಿರಿಗೆ ಮೆಟ್ಟಿಲುಮೆಟ್ಟಿಲಾಗಿ ಸೋರುವುದು ಇದರಿಂದ. ಚಿತ್ರವನ್ನು ಲ್ಯಾಬ್ ಮೋಡಿಗೆ ಒಯ್ದು, 'ಎ' ಮತ್ತು 'ಬಿ' ಚಾನೆಲ್ಲುಗಳಿಗೆ ಮಾತ್ರ ತುಸು ಬ್ಲರ್ ಕೊಡಿ. ಬೆಳಕಿನ ಚಾನೆಲ್ ಮುಟ್ಟಬೇಡಿ. ಮೆಟ್ಟಿಲು ಕರಗುತ್ತದೆ, ಜರಿಯ ಗೆರೆ ಉಳಿಯುತ್ತದೆ.

15. ತೆಗೆದ ಫ್ರೇಮ್ ಪಿಎನ್‌ಜಿ ಅಥವಾ ಟಿಫ್ ಆಗಿಯೇ ಉಳಿಯಲಿ

ಒಮ್ಮೆ ಹಿಂಡಿದ ಚಿತ್ರವನ್ನು ಜೆಪೆಗ್ ಮಾಡಿ ಮತ್ತೆ ಹಿಂಡಬೇಡಿ. ಫೈಲಿನ ಹೆಸರಿನಲ್ಲೇ ಕ್ಲಿಪ್ಪಿನ ಹೆಸರು, ನಿಮಿಷ, ಸೆಕೆಂಡು ಬರೆದಿಡಿ. ಗಿರಾಕಿ ವಾರ ಬಿಟ್ಟು "ಸ್ವಲ್ಪ ನಕ್ಕಿರೋದು ಇಲ್ವಾ ಅಣ್ಣ?" ಎಂದು ಬಂದೇ ಬರುತ್ತಾನೆ.

16. ತೀರಿಕೊಂಡವರ ಮುಖಕ್ಕೆ ಎಐ ಹಚ್ಚಬೇಡಿ

ಒಂದು ಗುಂಡಿ ಒತ್ತಿದರೆ ಮಸುಕು ಮುಖ ಫಳಫಳ ಹೊಳೆಯುವ ಆಪ್‌ಗಳು ಬೇಕಾದಷ್ಟಿವೆ. ಅವು ಇಲ್ಲದ ವಿವರವನ್ನು ಹುಡುಕಿ ತರುವುದಿಲ್ಲ, ಊಹಿಸಿ ಬರೆಯುತ್ತವೆ. 60 ಪಿಕ್ಸೆಲ್ ಮುಖ ಕೊಟ್ಟರೆ ಕಣ್ಣು ಇನ್ಯಾರದೋ, ಹಲ್ಲುಸಾಲು ಇನ್ಯಾರದೋ. ಕೆನ್ನೆಯ ಮಚ್ಚೆಯನ್ನು ಕೊಳೆ ಎಂದು ಅಳಿಸಿ, ಹಣೆಯ ವಿಭೂತಿಯನ್ನು ಸುಕ್ಕು ಎಂದು ಒರೆಸಿಬಿಡುತ್ತವೆ. ಹಿನ್ನೆಲೆಗೆ, ಬಟ್ಟೆಗೆ ಬೇಕಾದರೆ ಬಳಸಿ. ಮುಖವನ್ನು ಸಾದಾ ರೀತಿಯಲ್ಲಿ ಹಿಗ್ಗಿಸಿ, ತುಸು ಶಾರ್ಪನ್ ಮಾಡಿ, ಮೇಲೆ ಸಣ್ಣ ಗ್ರೇನ್ ಹಾಕಿ. ಮಸುಕು ಅಷ್ಟಾಗಿ ಎದ್ದು ಕಾಣುವುದಿಲ್ಲ. ಮಸುಕಾದ ಅಪ್ಪನನ್ನು ಮನೆಯವರು ಒಪ್ಪುತ್ತಾರೆ, ಹೊಳೆಯುವ ಅಪರಿಚಿತನನ್ನಲ್ಲ.

17. ಬೇರೆಯವರ ವಿಡಿಯೋ ಎಂದರೆ ಬೇರೆಯವರ ಸ್ವತ್ತು

ಯೂಟ್ಯೂಬಿನ ವಿಡಿಯೋದಿಂದ ಒಂದೇ ಒಂದು ಫ್ರೇಮ್ ತಾನೆ ಎನ್ನಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಚಲನಚಿತ್ರದ ಹಕ್ಕುಗಳನ್ನು ಹೇಳುವಾಗ ಅದರೊಳಗಿನ ಯಾವುದೇ ಬಿಂಬದ ಫೋಟೋ ಮಾಡುವ ಹಕ್ಕನ್ನೂ ಹೆಸರಿಸಿಯೇ ಸೇರಿಸಿದೆ. ಕಾಯ್ದೆಯ ಕಣ್ಣಿನಲ್ಲಿ ನಿಮ್ಮ ಮದುವೆ ವಿಡಿಯೋವೂ ಅದೇ ಸಾಲಿಗೆ ಬರುತ್ತದೆ. ಶೂಟ್ ಮಾಡಿದವರನ್ನು ಒಂದು ಮಾತು ಕೇಳಿ. ಹೆಣ್ಣುಮಕ್ಕಳ, ಮಕ್ಕಳ ಮುಖವಿರುವ ಫ್ರೇಮನ್ನು ಅಂಗಡಿ ಬೋರ್ಡಿಗೆ ಹಾಕುವ ಮುನ್ನ ಮನೆಯವರ ಒಪ್ಪಿಗೆ ಪಡೆಯಿರಿ.

18. ಅಪಘಾತದ ವಿಡಿಯೋ ಬಂದರೆ ಒರಿಜಿನಲ್ಲಿಗೆ ಕೈ ಹಚ್ಚಬೇಡಿ

ಹೆದ್ದಾರಿ ಪಕ್ಕದ ಊರಾದ್ದರಿಂದ ಇದು ಬಂದೇ ಬರುತ್ತದೆ. ಪೆಟ್ರೋಲ್ ಬಂಕಿನ ಸಿಸಿಟಿವಿಯೋ, ಕಾರಿನ ಡ್ಯಾಶ್‌ಕ್ಯಾಮೋ ಹಿಡಿದು "ಗಾಡಿ ನಂಬರ್ ಕಾಣೋಹಂಗೆ ಮಾಡು" ಎನ್ನುತ್ತಾರೆ. ಡಿವಿಆರ್ ತನ್ನ ಹಳೇ ದೃಶ್ಯದ ಮೇಲೆ ತಾನೇ ಹೊಸದನ್ನು ಬರೆದುಕೊಳ್ಳುವುದರಿಂದ ಮೊದಲು ಆ ಹೊತ್ತಿನ ಪೂರ್ತಿ ತುಂಡನ್ನು ಎಕ್ಸ್‌ಪೋರ್ಟ್ ಮಾಡಿಸಿ ಎತ್ತಿಡಿ. ಫ್ರೇಮ್ ತೆಗೆಯುವುದು, ಬೆಳಕು ಏರಿಸುವುದು, ನಾಲ್ಕಾರು ಫ್ರೇಮ್ ಪೇರಿಸಿ ನಂಬರ್ ಓದುವುದು ಎಲ್ಲ ಕಾಪಿಯ ಮೇಲೆ. ನೀವು ತಿದ್ದಿದ ಚಿತ್ರ ಪೊಲೀಸರಿಗೆ ಹುಡುಕಾಟದ ಸುಳಿವಾಗಬಹುದು, ಕೋರ್ಟಿಗೆ ಬೇಕಾಗುವುದು ಮೂಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಪ್ರಮಾಣಪತ್ರವಿರಬೇಕು, ಅದರಲ್ಲಿ ಫೈಲಿನ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯೂ ಇರಬೇಕು. ಫೈಲನ್ನು ಬೇರೆ ಸಾಫ್ಟ್‌ವೇರಿನಲ್ಲಿ ಒಮ್ಮೆ ಸೇವ್ ಮಾಡಿದರೂ ಆ ಸಂಖ್ಯೆ ಬದಲಾಗುತ್ತದೆ.

19. ಫ್ಲೆಕ್ಸ್ ಮೆಷಿನ್ನಿಗೆ ಕಳಿಸುವ ಮುನ್ನ ಎ4 ಹಾಳೆ

ನಾಲ್ಕಡಿ ಫ್ಲೆಕ್ಸಿನಲ್ಲಿ ಮುಖ ಎಷ್ಟು ದೊಡ್ಡದಾಗುತ್ತದೋ ಅಷ್ಟೇ ಅಳತೆಯಲ್ಲಿ ಕಣ್ಣು, ಮೂಗಿನ ಭಾಗವನ್ನು ಎ4 ಹಾಳೆಗೆ ಪ್ರಿಂಟ್ ಹಾಕಿ, ಎದುರು ಅಂಗಡಿಯ ಬಾಗಿಲಿಗೆ ಅಂಟಿಸಿ ನಿಮ್ಮ ಕೌಂಟರಿನಿಂದ ನೋಡಿ. ಅಲ್ಲಿಂದ ಸರಿ ಕಂಡರೆ ಫ್ಲೆಕ್ಸೂ ಸರಿ ಬರುತ್ತದೆ. ಚೌಕಗಳು ಕಂಡರೆ ಮುಖ ಸಣ್ಣದು ಮಾಡಿ ಸುತ್ತ ಹೂವಿನ ಬಾರ್ಡರ್ ಹಾಕಿ, ಗಿರಾಕಿಗೂ ಅದೇ ಹಾಳೆ ತೋರಿಸಿ ಒಪ್ಪಿಸಿ, ಅಡ್ವಾನ್ಸ್ ತೆಗೆದುಕೊಳ್ಳಿ.